ಪೂಡಲ್ ಮರಿಯ ಬೇಟೆ ತರಬೇತಿ

ಗುಂಡೇಟಿಗೆ ಬಿದ್ದ ಹಕ್ಕಿಯನ್ನು ನೆಲದಲ್ಲೋ ನೀರಿನಲ್ಲೋ ಹುಡುಕಿ, ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು, ಬೇಟೆಗಾರನ ಕೈಗೆ ತಂದೊಪ್ಪಿಸುವ ನಾಯಿಯಾಗಿ ಪೂಡಲ್ ತಳಿಯ ಮರಿಯನ್ನು ಪಳಗಿಸುವ ಕ್ರಮ. ಮರಿಗೆ ಏಳೆಂಟು ವಾರವಾದಾಗ ಆರಂಭವಾಗುವ ಈ ಕೆಲಸ ಮುಗಿಯಲು ಸಾಮಾನ್ಯವಾಗಿ ಎರಡು ವರ್ಷ ಬೇಕು. ಇಂದು ಇದು ಹೆಚ್ಚಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ, ಕಾಡುಬಾತುಗಳ ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ಕಡೆಗಳಲ್ಲಿ ನಡೆಯುತ್ತದೆ. ಪೂಡಲ್ ಎಂದರೆ ಪ್ರದರ್ಶನದ ಕಣದ ಅಲಂಕೃತ ನಾಯಿ ಎಂದಷ್ಟೇ ತಿಳಿದವರಿಗೆ ಇದು ಹೊಸ ಪ್ರಯೋಗದಂತೆ ಕಂಡೀತು. ಆದರೆ ಇದು ಆ ತಳಿಯ ಮೂಲ ಕಸುಬು, ಅಲಂಕಾರವೇ ಆಮೇಲೆ ಬಂದದ್ದು.

ಹಿನ್ನೆಲೆ

ಯುರೋಪಿನ ಜೌಗು ನೆಲಗಳಲ್ಲಿ ಗುಂಗುರು ಕೂದಲಿನ ನಾಯಿಗಳನ್ನು ನೀರುಹಕ್ಕಿಗಳ ಬೇಟೆಗೆ ಬಳಸುತ್ತಿದ್ದುದು ಬಹಳ ಹಳೆಯ ಪದ್ಧತಿ. ಇಂಗ್ಲೆಂಡಿನ ಜರ್ವೇಸ್ ಮಾರ್ಕಮ್ 1621ರಲ್ಲಿ ಪ್ರಕಟಿಸಿದ ಹಕ್ಕಿಬೇಟೆಯ ಪುಸ್ತಕದಲ್ಲಿ ಇಂಥ ನಾಯಿಯ ಮೈಕಟ್ಟು, ಅದಕ್ಕೆ ಕಲಿಸುವ ಬಗೆ, ಅದರ ಹಿಂಭಾಗದ ಕೂದಲು ತೆಗೆಯುವ ರೂಢಿ ಎಲ್ಲವೂ ಇವೆ. ಹಿಂಗಾಲು ಮತ್ತು ಸೊಂಟದ ಕೂದಲು ತೆಗೆದರೆ ಈಜು ಹಗುರಾಗುತ್ತದೆ. ಎದೆ ಮತ್ತು ಕೀಲುಗಳ ಮೇಲೆ ಕೂದಲು ಉಳಿಸಿದರೆ ತಣ್ಣೀರಿನಲ್ಲಿ ಬೆಚ್ಚಗಿರುತ್ತದೆ. ಇಂದಿನ ಪ್ರದರ್ಶನಗಳಲ್ಲಿ ಕಾಣುವ ಉಬ್ಬು ಉಬ್ಬಾದ ಕೇಶವಿನ್ಯಾಸ ಈ ಉಪಯೋಗದಿಂದಲೇ ಬೆಳೆದು ಬಂದದ್ದೆಂದು ಹೇಳುತ್ತಾರೆ. ಫ್ರೆಂಚರು ಪೂಡಲ್ ಅನ್ನು ಕರೆಯುವ ಹೆಸರಿನಲ್ಲಿಯೇ ಬಾತುಕೋಳಿ ಇದೆ. ಇಂಗ್ಲೆಂಡಿನ ಒಳಯುದ್ಧದಲ್ಲಿ ಅರಸನ ಪಕ್ಷದ ಸೇನಾನಿ ಪ್ರಿನ್ಸ್ ರೂಪರ್ಟ್ ಸಾಕಿದ್ದ ಬಿಳಿಯ ನಾಯಿ ಬಾಯ್ ಈ ಜಾತಿಯ ಬೇಟೆನಾಯಿಯೆಂದೇ ಪ್ರಸಿದ್ಧ. 1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಕದನದಲ್ಲಿ ಅದು ಸತ್ತಿತು.

ಮುಂದೆ ಪೂಡಲ್ ಸರ್ಕಸ್ಸಿಗೂ ಶ್ರೀಮಂತರ ದಿವಾನಖಾನೆಗೂ ಸೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ರಿಟ್ರೀವರ್ ತಳಿಗಳು, ಆಮೇಲೆ ಲ್ಯಾಬ್ರಡಾರ್, ಬೇಟೆಯ ಕೆಲಸವನ್ನು ವಹಿಸಿಕೊಂಡವು. ಈ ಇತಿಹಾಸದ ಗೊಂದಲ ಇಂದಿನ ವರ್ಗೀಕರಣದಲ್ಲಿಯೂ ಉಳಿದಿದೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಪೂಡಲ್ ಅನ್ನು ಒಡನಾಡಿ ನಾಯಿಗಳ ಒಂಬತ್ತನೆಯ ಗುಂಪಿನಲ್ಲಿಟ್ಟಿದೆ, ಅಮೆರಿಕನ್ ಕೆನಲ್ ಕ್ಲಬ್ ದೊಡ್ಡ ಪೂಡಲ್ ಅನ್ನು ಬೇಟೆಯೇತರ ಗುಂಪಿಗೆ ಸೇರಿಸಿದೆ, ಅಮೆರಿಕದ್ದೇ ಆದ ಯುನೈಟೆಡ್ ಕೆನಲ್ ಕ್ಲಬ್ ಮಾತ್ರ ಅದನ್ನು ಕೋವಿನಾಯಿಗಳ ಜೊತೆ ಎಣಿಸುತ್ತದೆ. ಸಂಸ್ಥೆಗಳ ಪಟ್ಟಿ ಏನೇ ಇರಲಿ, ನೀರು ಕಂಡರೆ ಇಳಿಯುವ ಆಸೆ, ಎಸೆದುದನ್ನು ಎತ್ತಿ ತರುವ ಹುಚ್ಚು, ಮೃದುವಾದ ಹಿಡಿತ ಇವು ಅನೇಕ ಪೂಡಲ್ ಮನೆತನಗಳಲ್ಲಿ ಇನ್ನೂ ಇವೆ. ತಲೆಮಾರುಗಳಿಂದ ಯಾರೂ ಅವನ್ನು ಪರೀಕ್ಷಿಸಿ ನೋಡದ ಮನೆತನಗಳಲ್ಲಿ ಮಾತ್ರ ಅವು ಸೊರಗಿವೆ.

ಮರಿಯ ಆಯ್ಕೆ

ಬಾತುಬೇಟೆಗೆ ಆರಿಸಬೇಕಾದದ್ದು ಸ್ಟ್ಯಾಂಡರ್ಡ್ ಎಂಬ ದೊಡ್ಡ ಗಾತ್ರದ ಪೂಡಲ್. ಅಮೆರಿಕದ ಅಳತೆಯಲ್ಲಿ ಭುಜದ ಬಳಿ 15 ಇಂಚಿಗಿಂತ ಎತ್ತರವಿದ್ದರೆ ಅದು ಸ್ಟ್ಯಾಂಡರ್ಡ್. ಕೆಲಸಕ್ಕೆ ಬರುವ ನಾಯಿಗಳು ಸಾಮಾನ್ಯವಾಗಿ ಇದಕ್ಕಿಂತ ಸಾಕಷ್ಟು ಎತ್ತರ. ಗಂಡು 27ರಿಂದ 32 ಕಿಲೋ, ಹೆಣ್ಣು 18ರಿಂದ 23 ಕಿಲೋ ತೂಗುತ್ತದೆ. ಐದು ಕಿಲೋ ದಾಟಬಲ್ಲ ಕೆನಡಾ ಹೆಬ್ಬಾತನ್ನು ಅಲೆಯ ವಿರುದ್ಧ ಎಳೆದು ತರಲು ಈ ಮೈಕಟ್ಟು ಬೇಕು. 10ರಿಂದ 15 ಇಂಚಿನ ಮಿನಿಯೇಚರ್ ಕೂಡ ಉತ್ಸಾಹದ ನಾಯಿಯೇ. ಪಾರಿವಾಳ, ಲಾವಕ್ಕಿಯಂಥ ಸಣ್ಣ ಹಕ್ಕಿಗಳಿಗೆ ಅದು ಸಾಕು, ಹೆಬ್ಬಾತಿಗೆ ಸಾಲದು.

ಮರಿಗಿಂತ ಮೊದಲು ಅದರ ತಂದೆತಾಯಿಯನ್ನು ನೋಡಬೇಕು. ಪೂಡಲ್‌ಗಳಲ್ಲಿ ಸೊಂಟದ ಕೀಲಿನ ದೋಷ, ಕಣ್ಣಿನ ಅಕ್ಷಿಪಟಲ ಕ್ರಮೇಣ ಸವೆಯುವ ರೋಗ, ಚರ್ಮದ ಎಣ್ಣೆಗ್ರಂಥಿಗಳು ನಾಶವಾಗುವ ರೋಗ, ಮೂತ್ರಪಿಂಡದ ಮೇಲಿನ ಗ್ರಂಥಿ ಸೋಲುವ ಅಡಿಸನ್ ಕಾಯಿಲೆ ವಂಶಪಾರಂಪರ್ಯವಾಗಿ ಕಾಣಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ಸೊಂಟದ ಎಕ್ಸ್‌ರೇ ಆಧರಿಸಿದ ಅಂತಿಮ ಪ್ರಮಾಣಪತ್ರ ಸಿಗುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ಅದಿಲ್ಲದ ಜೋಡಿಯ ಮರಿಯನ್ನು ಶ್ರಮದ ಕೆಲಸಕ್ಕೆಂದು ಕೊಳ್ಳುವುದು ಜಾಣತನವಲ್ಲ. ಆಮೇಲೆ ಕೇಳಬೇಕಾದ ಪ್ರಶ್ನೆ: ತಾಯಿ ಅಥವಾ ತಂದೆ ನೀರಿಗಿಳಿದು ಹಕ್ಕಿ ತಂದದ್ದುಂಟೇ? ಏಳು ವಾರದ ಮರಿಗಳ ಮುಂದೆ ಕಾಗದದ ಉಂಡೆಯೊಂದನ್ನು ಉರುಳಿಸಿ, ಯಾವುದು ಓಡಿಹೋಗಿ ಬಾಯಲ್ಲಿ ಹಿಡಿದು ಜನರ ಕಡೆಗೆ ತಿರುಗುತ್ತದೆಂದು ನೋಡುವ ವಾಡಿಕೆಯಿದೆ. ಆಗಷ್ಟೇ ನಿದ್ದೆಯಿಂದೆದ್ದ ಮರಿ ಇದರಲ್ಲಿ ಸೋಲಬಹುದು, ಆದ್ದರಿಂದ ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಿದರೆ ಒಳ್ಳೆಯದು.

ಮೊದಲ ತಿಂಗಳುಗಳು

ನಾಯಿಮರಿಯ ಮನಸ್ಸು ಲೋಕಕ್ಕೆ ತೆರೆದುಕೊಳ್ಳುವ ಕಾಲ ಚಿಕ್ಕದು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಾನುಗಟ್ಟಲೆ ನಡೆಸಿ 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅನುಭವ ನಾಯಿಯ ಬಾಳಿನುದ್ದಕ್ಕೂ ಅಚ್ಚೊತ್ತಿರುತ್ತದೆಂದು ತೋರಿಸಿತು. ಈ ಸಂಶೋಧನೆಯನ್ನು, ಅದು ಪುಸ್ತಕವಾಗುವ ಮೊದಲೇ, ಬೇಟೆಗಾರರ ಅಂಗಳಕ್ಕೆ ತಂದವರು ರಿಚರ್ಡ್ ವೋಲ್ಟರ್ಸ್. 1964ರಲ್ಲಿ ಬಂದ ‘ವಾಟರ್ ಡಾಗ್’ ಪುಸ್ತಕದಲ್ಲಿ ಅವರು ಮರಿಯನ್ನು 49ನೆಯ ದಿನ ಮನೆಗೆ ತಂದು ಅಂದಿನಿಂದಲೇ ಕಲಿಸಬೇಕೆಂದು ವಾದಿಸಿದರು. ನಾಯಿಗೆ ವರ್ಷ ತುಂಬಿದ ಮೇಲೆಯೇ ತರಬೇತಿ ಎಂದು ನಂಬಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆ. 49 ಎಂಬ ಅಂಕಿಗೆ ಕಟ್ಟುಬೀಳಬೇಕಾಗಿಲ್ಲ, ಎಂಟು ವಾರಕ್ಕೆ ತಂದರೂ ಏನೂ ಕೆಡುವುದಿಲ್ಲ. ಬೇಗ ಆರಂಭಿಸಬೇಕೆಂಬ ತಿರುಳು ಮಾತ್ರ ಇಂದಿಗೂ ಸರಿ.

ಈ ಹೊತ್ತಿನಲ್ಲಿ ಕಲಿಸಬೇಕಾದ ಪಾಠಗಳು ಬೆರಳೆಣಿಕೆಯಷ್ಟು. ಹೆಸರು ಕರೆದರೆ ತಿರುಗುವುದು, ಸೀಟಿಯ ಸದ್ದಿಗೆ ಓಡಿ ಬರುವುದು, ಊಟದ ಬಟ್ಟಲಿನ ಮುಂದೆ ಒಂದು ಕ್ಷಣ ಕೂರುವುದು, ಪ್ರಯಾಣದ ಪೆಟ್ಟಿಗೆಯಲ್ಲಿ ಅಳದೆ ಮಲಗುವುದು. ಜೊತೆಗೆ ಎತ್ತರದ ಹುಲ್ಲು, ಮಳೆ, ದೋಣಿಯ ಅಲುಗಾಟ, ಟೋಪಿ ಹಾಕಿದ ಅಪರಿಚಿತರು, ವಾಹನದ ಹಿಂಬದಿ ಇವೆಲ್ಲ ಮರಿಗೆ ಹೊಸದಾಗಿ ಉಳಿಯಬಾರದು. ಲಸಿಕೆಯ ಸರಣಿ ಮುಗಿಯುವುದು ಸುಮಾರು ಹದಿನಾರನೆಯ ವಾರಕ್ಕೆ. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವ ಜಾಗ, ನಿಂತ ನೀರು ಬೇಡ. ಹಾಗೆಂದು ಮರಿಯನ್ನು ಕೋಣೆಯೊಳಗೆ ಕೂಡಿಹಾಕಿದರೆ ಮರಳಿ ಸಿಗದ ವಾರಗಳು ಕಳೆದುಹೋಗುತ್ತವೆ. ಎತ್ತಿಕೊಂಡು ಹೊರಗೆ ಹೋಗಿ ಲೋಕ ತೋರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಎತ್ತಿ ತರುವ ಪಾಠವನ್ನು ಮನೆಯ ಓಣಿಯಂಥ ಪಡಸಾಲೆಯಲ್ಲಿ ಆರಂಭಿಸುತ್ತಾರೆ. ಬಾಗಿಲುಗಳನ್ನೆಲ್ಲ ಮುಚ್ಚಿ, ಮರಿಯ ಹಾಸಿಗೆಯ ಕಡೆಗೆ ಬೆನ್ನುಮಾಡಿ ನೆಲದಲ್ಲಿ ಕೂತು, ಗಂಟು ಹಾಕಿದ ಕಾಲುಚೀಲವನ್ನು ನಾಲ್ಕು ಮಾರು ದೂರ ಎಸೆಯಬೇಕು. ಎತ್ತಿಕೊಂಡ ಮರಿ ತನ್ನ ಹಾಸಿಗೆಗೇ ಓಡಬಯಸುತ್ತದೆ, ದಾರಿಯಲ್ಲಿ ಮನುಷ್ಯ ಕೂತಿರುತ್ತಾನೆ. ಬಂದ ತಕ್ಷಣ ಬಾಯಿಂದ ಕಿತ್ತುಕೊಳ್ಳಬಾರದು. ಮೊದಲು ಮೈ ಸವರಿ ಮೆಚ್ಚಿ, ಅದು ಹೆಮ್ಮೆಯಿಂದ ಹಿಡಿದುಕೊಂಡಿರಲು ಬಿಟ್ಟು, ಆಮೇಲೆ ತೆಗೆದುಕೊಳ್ಳಬೇಕು. ತಂದದ್ದೆಲ್ಲ ಕೈತಪ್ಪಿ ಹೋಗುತ್ತದೆಂದು ಒಮ್ಮೆ ಮನಸ್ಸಿಗೆ ಹತ್ತಿದರೆ ಮರಿ ದೂರ ನಿಂತು ಆಟವಾಡಿಸುತ್ತದೆ, ಬೆನ್ನಟ್ಟಿದರೆ ಆ ಆಟವೇ ಗಟ್ಟಿಯಾಗುತ್ತದೆ. ಎರಡು ಅಥವಾ ಮೂರು ಎಸೆತ ಸಾಕು. ಇನ್ನೊಂದು ಬೇಕೆಂದು ಮರಿ ಕುಣಿಯುತ್ತಿರುವಾಗಲೇ ನಿಲ್ಲಿಸಬೇಕು.

ಪೂಡಲ್‌ನ ವಿಷಯದಲ್ಲಿ ಈ ಮಾತಿಗೆ ಹೆಚ್ಚು ತೂಕ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ಪ್ರಕಟಿಸಿದ, ಹೇಳಿದ್ದನ್ನು ಬೇಗ ಕಲಿಯುವ ತಳಿಗಳ ಪಟ್ಟಿಯಲ್ಲಿ ಬಾರ್ಡರ್ ಕೋಲಿಯ ನಂತರದ ಸ್ಥಾನ ಪೂಡಲ್‌ಗೆ. ಬೇಗ ಕಲಿಯುವ ನಾಯಿ ತಪ್ಪನ್ನೂ ಬೇಗ ಕಲಿಯುತ್ತದೆ. ಅದನ್ನೇ ಹತ್ತು ಸಲ ಮಾಡಿಸಿದರೆ ಬೇಸರಗೊಂಡು ತನ್ನದೇ ದಾರಿ ಹುಡುಕುತ್ತದೆ, ಗದರಿದರೆ ಆ ಜಾಗವನ್ನೂ ಗದರಿದವರನ್ನೂ ನೆನಪಿಟ್ಟುಕೊಳ್ಳುತ್ತದೆ. ಲ್ಯಾಬ್ರಡಾರ್ ಮರಿಗೆಂದು ಬರೆದ ವೇಳಾಪಟ್ಟಿಯನ್ನು ಪೂಡಲ್ ಮೇಲೆ ಹೇರಿದಾಗ ಎಡವಟ್ಟಾಗುವುದು ಇಲ್ಲಿಯೇ. ಎತ್ತಿ ತರುವ ಆಸೆ ಬೇರೂರುವ ಮೊದಲು ಶಿಸ್ತನ್ನು ಬಿಗಿಮಾಡಬಾರದು ಎಂಬುದು ಈ ತಳಿಯ ತರಬೇತಿಯ ಮೂಲಸೂತ್ರ.

ನೀರು

ಈಜುವುದು ರಕ್ತದಲ್ಲಿದೆಯೆಂದು ಮರಿಯನ್ನು ನೀರಿಗೆಸೆಯುವವರು ಇದ್ದಾರೆ. ಅದು ಕ್ರೌರ್ಯ, ಜೊತೆಗೆ ಮೂರ್ಖತನ; ಹೀಗೆ ಹೆದರಿದ ಮರಿಯನ್ನು ಮತ್ತೆ ದಡದಿಂದ ಇಳಿಸಲು ತಿಂಗಳುಗಳು ಹಿಡಿಯುತ್ತವೆ. ಬಿಸಿಲಿನ ದಿನ, ಇಳಿಜಾರು ನಯವಾಗಿರುವ ದಡ, ಕೈಯಿಟ್ಟರೆ ಹಿತವೆನಿಸುವ ನೀರು, ನೀರಿನಲ್ಲಿ ಮೊಣಕಾಲುದ್ದ ನಿಂತ ಯಜಮಾನ, ಸಾಧ್ಯವಾದರೆ ಈಜು ಬಲ್ಲ ಸೌಮ್ಯ ಸ್ವಭಾವದ ಇನ್ನೊಂದು ನಾಯಿ: ಇಷ್ಟಿದ್ದರೆ ಮರಿ ತಾನಾಗಿ ಇಳಿಯುತ್ತದೆ. ಮೊದಲು ಹೊಟ್ಟೆ ತೋಯುವಷ್ಟು ಆಳದಲ್ಲಿ ಆಟಿಕೆ ಎಸೆಯುತ್ತಾರೆ. ಆಮೇಲೆ ಕಾಲು ನೆಲ ಬಿಟ್ಟು ಎರಡು ಹುಟ್ಟು ಹಾಕಿದರೆ ಸಿಗುವಷ್ಟು ದೂರ. ಹೊಸದಾಗಿ ಈಜುವ ಮರಿ ಹಿಂಭಾಗ ಮುಳುಗಿಸಿ ಮುಂಗಾಲುಗಳಿಂದ ನೀರನ್ನು ಬಡಿಯುತ್ತದೆ. ಮೂಗಿನ ನೇರಕ್ಕೆ ತೇಲುವ ವಸ್ತುವೊಂದು ಇದ್ದರೆ ಅದರ ಕಡೆಗೆ ಕತ್ತು ಚಾಚಿ ಮೈ ಸಪಾಟಾಗುತ್ತದೆ.

ಕೂದಲಿನ ವಿಚಾರವನ್ನು ಇಲ್ಲಿ ಹೇಳಲೇಬೇಕು. ಲ್ಯಾಬ್ರಡಾರ್‌ಗೆ ಇರುವ ದಟ್ಟವಾದ, ಎಣ್ಣೆಯಂಶದ ಒಳಪದರ ಪೂಡಲ್‌ಗಿಲ್ಲ. ಬಿಡದೆ ಬೆಳೆಯುವ ಒಂದೇ ಪದರದ ಗುಂಗುರು ಕೂದಲು ಅದರದ್ದು. ಉದ್ದ ಬಿಟ್ಟರೆ ನೀರು ಕುಡಿದು ಭಾರವಾಗುತ್ತದೆ, ಜೊಂಡಿನ ಚೂರು, ಮುಳ್ಳುಕಾಯಿ ಎಲ್ಲ ಸಿಕ್ಕಿಕೊಳ್ಳುತ್ತವೆ. ಕೆಲಸದ ನಾಯಿಗೆ ಮೈಯೆಲ್ಲ ಒಂದೆರಡು ಸೆಂಟಿಮೀಟರ್ ಮಾತ್ರ ಉಳಿಸಿ, ಮುಖ ಮತ್ತು ಪಾದಗಳನ್ನು ನುಣ್ಣಗೆ ಕತ್ತರಿಸುತ್ತಾರೆ. ಚಳಿಗಾಲದ ಬಾತುಬೇಟೆಗೆ ನಿಯೋಪ್ರೀನ್ ಅಂಗಿ ತೊಡಿಸುವುದು ಪೂಡಲ್‌ಗೆ ಬಹುಮಟ್ಟಿಗೆ ಅನಿವಾರ್ಯ. ಅದು ಬೆಚ್ಚಗಿಡುವ ಜೊತೆಗೆ ತೇಲಲೂ ನೆರವಾಗುತ್ತದೆ. ಈ ಕೂದಲಿನ ಮಿತಿಯನ್ನು ಲೋಕಕ್ಕೆ ತೋರಿಸಿದ್ದು ಅಲಾಸ್ಕಾದ ಹಿಮಬಂಡಿ ಓಟ ಇಡಿಟರಾಡ್. ಜಾನ್ ಸೂಟರ್ ಎಂಬವರು 1988ರಿಂದ 1991ರವರೆಗೆ ಸ್ಟ್ಯಾಂಡರ್ಡ್ ಪೂಡಲ್‌ಗಳನ್ನು ಕಟ್ಟಿ ಅದರಲ್ಲಿ ಓಡಿದರು. ನಾಯಿಗಳು ಹುರುಪಿನಿಂದ ಎಳೆದವು, ಆದರೆ ಪಾದದ ಕೂದಲಿಗೆ ಮಂಜು ಗಟ್ಟಿಕಟ್ಟಿಕೊಳ್ಳುವುದು, ಮೈ ಹಿಮಕ್ಕಂಟುವುದು ತಪ್ಪಲಿಲ್ಲ. ಆಮೇಲೆ ಆ ಓಟವನ್ನು ಉತ್ತರದ ಶೀತಪ್ರದೇಶದ ತಳಿಗಳಿಗಷ್ಟೇ ಸೀಮಿತಗೊಳಿಸಲಾಯಿತು.

ಕೋವಿಯ ಸದ್ದು

ಬೇಟೆನಾಯಿಯಾಗಬೇಕಿದ್ದ ಮರಿ ಕೆಡುವುದು ಹೆಚ್ಚಾಗಿ ಇದೇ ಪಾಠದಲ್ಲಿ. ಗುಂಡಿಗೆ ಬೆಚ್ಚುವ ನಾಯಿಗಳಲ್ಲಿ ಹುಟ್ಟುಪುಕ್ಕಲು ಕಡಿಮೆ, ಮನುಷ್ಯರ ಅವಸರದಿಂದ ಹಾಗಾದವೇ ಹೆಚ್ಚು. ಧೈರ್ಯ ಪರೀಕ್ಷಿಸಲೆಂದು ಮರಿಯನ್ನು ಗುರಿಯಭ್ಯಾಸದ ಬಯಲಿಗೆ ಕರೆದೊಯ್ದು ಪಕ್ಕದಲ್ಲೇ ಗುಂಡು ಹಾರಿಸಿದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮುಗಿಯುತ್ತದೆ.

ಸರಿಯಾದ ದಾರಿ ನಿಧಾನದ್ದು. ಎಸೆದುದನ್ನು ತರಲು ಮರಿ ಹಾತೊರೆಯುವಂತಾದ ಮೇಲೆ ಮಾತ್ರ ಸದ್ದನ್ನು ಸೇರಿಸಬೇಕು. ಸಹಾಯಕನೊಬ್ಬ ಸುಮಾರು ನೂರು ಮೀಟರ್ ಆಚೆ ನಿಂತು, ಹಕ್ಕಿಯ ಬದಲಿಗೆ ಬಳಸುವ ಡಮ್ಮಿಯನ್ನು ಎತ್ತರಕ್ಕೆ ಎಸೆಯುತ್ತಾನೆ, ಅದು ಗಾಳಿಯಲ್ಲಿರುವಾಗ ಓಟದ ಪಂದ್ಯಗಳಲ್ಲಿ ಬಳಸುವ ಸಣ್ಣ ಪಿಸ್ತೂಲು ಹಾರಿಸುತ್ತಾನೆ. ಕಣ್ಣೆಲ್ಲ ಡಮ್ಮಿಯ ಮೇಲೆ ನೆಟ್ಟ ಮರಿಗೆ ಸದ್ದು ಅಷ್ಟಾಗಿ ಗಮನಕ್ಕೇ ಬರುವುದಿಲ್ಲ. ಕ್ರಮೇಣ ಆ ಸದ್ದು ಹಕ್ಕಿ ಬೀಳುವ ಮುನ್ಸೂಚನೆಯಾಗುತ್ತದೆ. ದೂರವನ್ನು ವಾರಗಳ ಅಂತರದಲ್ಲಿ ಕಡಿಮೆ ಮಾಡಿ, ಪಿಸ್ತೂಲಿನಿಂದ ಸಣ್ಣ ಕೋವಿಗೆ, ಕೊನೆಗೆ 12 ಬೋರಿನ ಕೋವಿಗೆ ಬರುತ್ತಾರೆ. ಸದ್ದು ಹತ್ತಿರವಾದ ದಿನವೇ ಕೋವಿ ದೊಡ್ಡದಾಗಬಾರದು. ಕಿವಿ ಹಿಂದಕ್ಕೆ ಬಿದ್ದರೆ, ಬಾಲ ಇಳಿದರೆ, ಮರಿ ಹೊರಡಲು ಒಂದು ಕ್ಷಣ ತಡೆದರೂ ಸರಿ, ಮರುದಿನ ಹಿಂದಿನ ದೂರಕ್ಕೇ ಮರಳಬೇಕು. ಊಟದ ಹೊತ್ತಿಗೆ ಪಾತ್ರೆ ಬಡಿದು ಸದ್ದಿಗೆ ಒಗ್ಗಿಸುವ ಹಳೆಯ ಉಪಾಯ ಕೆಲವು ಮರಿಗಳಿಗೆ ಹಿಡಿಸೀತು. ಪೂಡಲ್‌ನಂಥ ಸೂಕ್ಷ್ಮ ಕಿವಿಯ ತಳಿಗೆ ಅದು ಊಟದ ಮೇಲೆಯೇ ಅಂಜಿಕೆ ಹುಟ್ಟಿಸಬಹುದು. ಪಟಾಕಿಯ ಹಬ್ಬಗಳಂದು ಮರಿ ಮನೆಯೊಳಗಿರಬೇಕು. ಅಮೆರಿಕದಲ್ಲಿ ಜುಲೈ 4ರ ರಾತ್ರಿ ಹೆದರಿದ ಮರಿಗೆ ಹೇಮಂತದ ಬೇಟೆಯ ಕಾಲ ಕೈತಪ್ಪಿದಂತೆಯೇ.

ಹಿಡಿತ, ಹಕ್ಕಿ, ಗುರುತು

ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತವೆ. ಒಸಡು ನೋಯುವ ಆ ವಾರಗಳಲ್ಲಿ ಗಟ್ಟಿ ವಸ್ತುವನ್ನು ಬಾಯಿಗಿಟ್ಟರೆ ಎತ್ತಿ ತರುವುದೇ ನೋವಿನ ಕೆಲಸವೆಂದು ಮರಿ ತಿಳಿದೀತು. ಮೃದುವಾದ ಬಟ್ಟೆಯದಷ್ಟೇ ಇರಲಿ, ಅದೂ ಅಪರೂಪಕ್ಕೆ. ಹೊಸ ಹಲ್ಲು ಬಲಿತ ಮೇಲೆ, ಹೇಳುವವರೆಗೆ ಹಿಡಿದುಕೊಂಡಿರುವ ಶಾಸ್ತ್ರೋಕ್ತ ಪಾಠ. ಅಮೆರಿಕದ ವೃತ್ತಿಪರರಲ್ಲಿ ಹಲವರು ಇದನ್ನು ಕಿವಿ ಹಿಂಡಿ, ಬೆರಳಿಗೆ ದಾರ ಕಟ್ಟಿ ಒತ್ತಡದಿಂದ ಕಲಿಸುತ್ತ ಬಂದಿದ್ದಾರೆ; ವಿದ್ಯುತ್ ಕೊರಳಪಟ್ಟಿಯ ಬಳಕೆಯೂ ಅಲ್ಲಿ ವ್ಯಾಪಕ. ವೇಲ್ಸ್ ಅಂಥ ಕೊರಳಪಟ್ಟಿಯನ್ನು 2010ರಲ್ಲಿ ನಿಷೇಧಿಸಿತು. ಪೂಡಲ್‌ಗೆ ಈ ಒತ್ತಡದ ಮಾರ್ಗ ಬೇಕಿಲ್ಲ. ಮರದ ತುಂಡನ್ನು ಮೂಗಿನಿಂದ ಮುಟ್ಟಿದರೆ ತಿಂಡಿ, ಬಾಯಿಗೆ ತೆಗೆದುಕೊಂಡರೆ ತಿಂಡಿ, ಎರಡು ಎಣಿಸುವಷ್ಟು ಹಿಡಿದರೆ ತಿಂಡಿ, ಹಿಡಿದುಕೊಂಡೇ ನಡೆದರೆ ತಿಂಡಿ ಎಂದು ಮೆಟ್ಟಿಲು ಕಟ್ಟಿದರೆ ಅದೇ ಫಲ ಸಿಗುತ್ತದೆ, ನಾಯಿಯ ಉಲ್ಲಾಸವೂ ಉಳಿಯುತ್ತದೆ.

ಹಕ್ಕಿಯ ಪರಿಚಯ ರೆಕ್ಕೆಯಿಂದ. ಶೀತಪೆಟ್ಟಿಗೆಯಲ್ಲಿಟ್ಟ ಬಾತಿನ ರೆಕ್ಕೆಯೊಂದನ್ನು ಡಮ್ಮಿಗೆ ಕಟ್ಟಿ ಎಸೆದು, ಆಮೇಲೆ ಸತ್ತ ಪಾರಿವಾಳ, ಆಮೇಲೆ ಸಣ್ಣ ಬಾತು. ಮೊದಲ ಹಕ್ಕಿ ಒಣಗಿರಬೇಕು, ರಕ್ತ ಸುರಿಯುತ್ತಿರಬಾರದು. ಕೆಲವು ಪೂಡಲ್ ಮರಿಗಳು ಪುಕ್ಕದ ಸ್ಪರ್ಶಕ್ಕೆ ಹಿಂಜರಿಯುತ್ತವೆ, ಆಗ ಒತ್ತಾಯಿಸದೆ ಇನ್ನೊಂದು ನಾಯಿ ಎತ್ತುವುದನ್ನು ನೋಡಲು ಬಿಟ್ಟರೆ ಅಸೂಯೆಯೇ ಪಾಠ ಹೇಳಿಕೊಡುತ್ತದೆ.

ಹಕ್ಕಿ ಎಲ್ಲಿ ಬಿತ್ತೆಂದು ನೋಡಿ ನೆನಪಿಟ್ಟುಕೊಳ್ಳುವ ವಿದ್ಯೆಗೆ ಬಯಲು ಬೇಕು, ಸಹಾಯಕ ಬೇಕು. ಆರಂಭದಲ್ಲಿ ಬಿಳಿಯ ಡಮ್ಮಿಯನ್ನು ಕತ್ತರಿಸಿದ ಹುಲ್ಲಿನ ಮೇಲೆ, ಆಕಾಶದ ಹಿನ್ನೆಲೆಗೆ ಕಾಣುವಂತೆ ಎಸೆಯುತ್ತಾರೆ. ನಾಯಿಯ ಕಣ್ಣು ನೀಲಿ ಮತ್ತು ಹಳದಿಯನ್ನು ಬಿಡಿಸಿ ನೋಡುತ್ತದೆ, ಕೆಂಪು ಹಸಿರುಗಳನ್ನು ಬೇರ್ಪಡಿಸಲಾರದು. ಮನುಷ್ಯನಿಗೆ ಎದ್ದು ಕಾಣುವ ಕಿತ್ತಳೆ ಬಣ್ಣದ ಡಮ್ಮಿ ಹುಲ್ಲಿನಲ್ಲಿ ಅದಕ್ಕೆ ಕಾಣುವುದೇ ಕಷ್ಟ. ಹಾಗಾಗಿ ಅದನ್ನು ಮೂಗಿನಿಂದ ಹುಡುಕುವ ಪಾಠಕ್ಕೆ ಇಟ್ಟುಕೊಳ್ಳುತ್ತಾರೆ. ಒಂದು ಹಕ್ಕಿ ಗಟ್ಟಿಯಾದ ಮೇಲೆ ಎರಡು: ಕೊನೆಗೆ ಬಿದ್ದದ್ದನ್ನು ಮೊದಲು ತಂದು, ಮೊದಲು ಬಿದ್ದದ್ದನ್ನು ನೆನಪಿನಿಂದ ಹುಡುಕಬೇಕು. ಹಕ್ಕಿ ಬಿದ್ದದ್ದನ್ನು ನಾಯಿ ನೋಡಿರದಿದ್ದರೆ ಯಜಮಾನ ತೋರಿಸಿದ ದಿಕ್ಕಿಗೆ ನೇರ ಓಡಿ, ಒಂದು ಸೀಟಿಗೆ ಕೂತು, ತಿರುಗಿ ನೋಡಿ, ಕೈಸನ್ನೆಯಂತೆ ಎಡಕ್ಕೋ ಬಲಕ್ಕೋ ಹಿಂದಕ್ಕೋ ಹೋಗಬೇಕು. ಇದು ಒಂದು ವರ್ಷದ ನಂತರದ ಪಾಠ. ಯೋಚಿಸಿ ನಡೆಯುವ ಪೂಡಲ್‌ಗೆ ಇದರಲ್ಲಿ ವಿಶೇಷ ಆಸಕ್ತಿ ಹುಟ್ಟುತ್ತದೆ. ಓಟದ ವೇಗದಲ್ಲಿ ಲ್ಯಾಬ್ರಡಾರ್‌ಗೆ ಸೋಲುವ ನಾಯಿಯೂ ಇಲ್ಲಿ ಸಮನಾಗಿ ನಿಲ್ಲುತ್ತದೆ. ಕಳುಹಿಸುವವರೆಗೆ ಅಲುಗಾಡದೆ ಕೂರುವ ಸ್ಥಿರತೆಯನ್ನೂ ಈ ಹೊತ್ತಿಗೇ ಬಿಗಿಗೊಳಿಸಬೇಕು, ಮೊದಲಲ್ಲ.

ಈ ಶ್ರಮಕ್ಕೆಲ್ಲ ಗಟ್ಟಿಯಾದ ಕಾರಣವೊಂದಿದೆ. ಗಾಯಗೊಂಡು ಜೊಂಡಿನೊಳಗೆ ಸೇರಿಕೊಂಡ ಬಾತು ನಾಯಿಯಿಲ್ಲದ ಬೇಟೆಗಾರನಿಗೆ ಸಿಗುವುದು ಅದೃಷ್ಟ. ಸಿಗದಿದ್ದರೆ ಅದು ನರಳಿ ಸಾಯುತ್ತದೆ, ಇನ್ನೊಂದು ಹಕ್ಕಿಗೆ ಗುರಿಯಿಡಲಾಗುತ್ತದೆ. ವಲಸೆ ಹಕ್ಕಿಗಳ ಬೇಟೆಯನ್ನು ನಿಯಂತ್ರಿಸುವ ಅಮೆರಿಕದ ನಿಯಮಗಳು, ಹೊಡೆದ ಹಕ್ಕಿಯನ್ನು ಪಡೆಯಲು ತಕ್ಕ ಪ್ರಯತ್ನ ಮಾಡಬೇಕೆಂದು ಬೇಟೆಗಾರನಿಗೆ ವಿಧಿಸುತ್ತವೆ.

ದೇಹದ ಕಾಳಜಿ

ದೊಡ್ಡ ಪೂಡಲ್‌ನ ಎಲುಬಿನ ಬೆಳವಣಿಗೆ ಪೂರ್ಣವಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಅದಕ್ಕೂ ಮೊದಲು ವಾಹನದ ಪಕ್ಕ ಓಡಿಸುವುದು, ಎತ್ತರದಿಂದ ಹಾರಿಸುವುದು ಸಲ್ಲದು; ಈಜು ಒಳ್ಳೆಯ ವ್ಯಾಯಾಮ. ಜೋತುಬಿದ್ದ, ಒಳಗೂ ಕೂದಲು ಬೆಳೆಯುವ ಕಿವಿಗಳನ್ನು ಪ್ರತಿ ಈಜಿನ ನಂತರ ಒಣಗಿಸದಿದ್ದರೆ ಸೋಂಕು ಖಚಿತವೆನ್ನುವಷ್ಟು ಸಾಮಾನ್ಯ. ಆಳವಾದ ಎದೆಯ ತಳಿಯಾದ್ದರಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವುಂಟು. ಕೆಲಸದ ಮುಂಚೆ, ಕೆಲಸ ಮುಗಿದ ಕೂಡಲೇ ಹೊಟ್ಟೆತುಂಬ ಊಟ ಕೊಡುವುದಿಲ್ಲ. ಕಾಲ್ಬೆರಳ ಸಂದಿಗೆ ಹೊಕ್ಕ ಹುಲ್ಲಿನ ತೆನೆಮುಳ್ಳು ಮಾಂಸದೊಳಗೆ ಸರಿಯುತ್ತ ಹೋಗುವುದರಿಂದ ಪ್ರತಿ ಸಂಜೆ ಪಾದ ತಪಾಸಣೆ ತಪ್ಪಿಸಬಾರದು. ನಿಂತ ನೀರಿನ ಇಲಿಜ್ವರಕ್ಕೆ ಲಸಿಕೆಯಿದೆ. ಹಸಿರುಗಟ್ಟಿದ ನೀರಿನ ಪಾಚಿವಿಷಕ್ಕೆ ಅಂಥದ್ದಿಲ್ಲ, ಆ ನೀರಿನಿಂದ ದೂರವಿರುವುದೊಂದೇ ಉಪಾಯ.

ಕರ್ನಾಟಕದ ಸಂದರ್ಭ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ಕಾಡುಬಾತುಗಳ ಬೇಟೆ ಅಪರಾಧ. ಬೆಂಗಳೂರು, ಮೈಸೂರುಗಳಲ್ಲಿ ಪೂಡಲ್ ಸಾಕುವವರು ಈ ಪಾಠಗಳನ್ನು ಡಮ್ಮಿಯಿಂದಲೇ ನಡೆಸಬೇಕು, ಹಕ್ಕಿಗಳಿರುವ ಕೆರೆಗೆ ನಾಯಿಯನ್ನು ಬಿಡಬಾರದು. ಡಮ್ಮಿ ಹುಡುಕಿ ತರುವುದರಲ್ಲಿಯೇ ನಾಯಿಗೆ ಪೂರ್ತಿ ಸಂತೋಷವಿದೆ. ಉಣ್ಣಿಗಳ ಕಾಟ, ಬೇಸಿಗೆಯ ಸೆಕೆ ಎರಡಕ್ಕೂ ಗಿಡ್ಡ ಕೂದಲೇ ಒಳಿತು. ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಕಣ್ಣಿನಿಂದ ಕಂಡು, ಓಟದಿಂದ ಬೆನ್ನಟ್ಟಿ ಹಿಡಿಯುವ ಬೇಟೆನಾಯಿ. ಪೂಡಲ್‌ನ ಕೆಲಸ ಕಾಯುವುದು, ನೆನಪಿಡುವುದು, ತರುವುದು. ಒಂದಕ್ಕೆ ಹೇಳಿದ ತರಬೇತಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಪರೀಕ್ಷೆಗಳು

ಪೂಡಲ್ ಕ್ಲಬ್ ಆಫ್ ಅಮೆರಿಕ ತನ್ನ ತಳಿಗಾಗಿಯೇ ಎರಡು ಹಂತದ ಕಾರ್ಯ ಪ್ರಮಾಣಪತ್ರ ನೀಡುತ್ತದೆ. ಅಮೆರಿಕನ್ ಕೆನಲ್ ಕ್ಲಬ್ಬಿನ ರಿಟ್ರೀವರ್ ಬೇಟೆ ಪರೀಕ್ಷೆಗಳಿಗೂ ಸ್ಟ್ಯಾಂಡರ್ಡ್ ಪೂಡಲ್‌ಗೆ ಪ್ರವೇಶವುಂಟು. ಅಲ್ಲಿ ನಾಯಿಗಳ ನಡುವೆ ಸ್ಪರ್ಧೆಯಿಲ್ಲ, ನಿಗದಿತ ಮಟ್ಟ ಮುಟ್ಟಿದ ಎಲ್ಲ ನಾಯಿಗಳೂ ತೇರ್ಗಡೆ. ಕಿರಿಯ ಹಂತದಲ್ಲಿ ನೆಲದಲ್ಲಿ ಎರಡು, ನೀರಿನಲ್ಲಿ ಎರಡು ಹಕ್ಕಿಗಳನ್ನು ಒಂದೊಂದಾಗಿ ತಂದು ಕೈಗೊಪ್ಪಿಸಬೇಕು. ಹೀಗೆ ನಾಲ್ಕು ಪರೀಕ್ಷೆಗಳಲ್ಲಿ ಗೆದ್ದರೆ ಜೂನಿಯರ್ ಹಂಟರ್ ಬಿರುದು. ಮೇಲಿನ ಸೀನಿಯರ್, ಮಾಸ್ಟರ್ ಹಂತಗಳಲ್ಲಿ ಏಕಕಾಲಕ್ಕೆ ಹಲವು ಹಕ್ಕಿ, ಕಾಣದೆ ಬಿದ್ದ ಹಕ್ಕಿ, ಇನ್ನೊಂದು ನಾಯಿ ಕೆಲಸ ಮಾಡುವಾಗ ಸುಮ್ಮನೆ ಕೂರುವ ತಾಳ್ಮೆ ಸೇರುತ್ತವೆ. ಆರು ತಿಂಗಳ ಮರಿಗೂ ಪ್ರವೇಶವಿದೆ, ಆದರೆ ಪೂಡಲ್ ಮರಿಯನ್ನು ಅಷ್ಟು ಬೇಗ ಒಯ್ಯಬಾರದು. ನಿಜವಾದ ಬೇಟೆಗೂ ಇದೇ ಮಾತು. ವರ್ಷ ತುಂಬಿದ ಮೇಲಿನ ಮೊದಲ ಋತುವಿನಲ್ಲಿ ಕೋವಿಯನ್ನು ಸ್ನೇಹಿತನ ಕೈಗೆ ಕೊಟ್ಟು, ಯಜಮಾನ ನಾಯಿಯೊಂದನ್ನೇ ಗಮನಿಸುತ್ತ, ನಾಲ್ಕೈದು ಹಕ್ಕಿ ತಂದ ಕೂಡಲೇ ಮೈ ಒರೆಸಿ ಮನೆಗೆ ಕರೆತರುವುದು ರೂಢಿ.